ಮೂರು ಎಂದ ದನಿ

ದೆವ್ವದ ಕತೆ ಎಂದಮೇಲೆ ಒಂದು ಬಾವಿ ಇರಬೇಕು. ಇದೆ. ಬೆಟ್ಟದಿಂದ ಇಳಿಯುವ ಕಾಲುದಾರಿಯ ಎಡಕ್ಕೆ, ಕಲ್ಲುಕಟ್ಟೆಯ ಹಳೆಯ ಬಾವಿ. ಆ ಸಂಜೆ ಅದು ತುಂಬಿ ಹೊರಚೆಲ್ಲುತ್ತಿತ್ತು... ಗುಳುಗುಳು ಎಂದು, ಬಾಯಿ ಮುಕ್ಕಳಿಸುವವರ ಹಾಗೆ. ಕತ್ತಲು ಕವಿಯುತ್ತಿತ್ತು. ಮೂವರು ಅದನ್ನು ದಾಟಿ ಇಳಿದರು. ಬಾವಿಯಿಂದ ಯಾರೂ ಏಳಲಿಲ್ಲ, ಯಾರೂ ಕರೆಯಲಿಲ್ಲ. ಬಾವಿಯ ಕೆಲಸ ಅಲ್ಲಿಗೆ ಮುಗಿಯಿತು.

ಇದು ನಡೆದದ್ದು ನಮ್ಮ ಚಿಕ್ಕಮ್ಮನ ಮಗಳಿಗೆ. ಮನೆಮಂದಿಗೆಲ್ಲ ಅವಳು ಅಕ್ಕ. ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಾರೆ, ಅವಳ ದನಿ ಅಂಥದ್ದು. ಕೆಲಸ ಲಿಫ್ಟುಗಳ ತಪಾಸಣೆ. ದೊಡ್ಡ ಕಟ್ಟಡಗಳ ನೆತ್ತಿಯಲ್ಲಿರುವ ಮೋಟಾರು ಕೋಣೆಯಲ್ಲಿ ಕೂತು ಉಕ್ಕಿನ ಹಗ್ಗದ ಎಳೆ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡುವವಳು. ದೇವರ ಬಗ್ಗೆ ಕೇಳಿದರೆ "ಗೊತ್ತಿಲ್ಲ" ಅನ್ನುತ್ತಾಳೆ. ದೆವ್ವದ ಬಗ್ಗೆ ಕೇಳಿದರೆ "ತೂಕ ಎಷ್ಟು?" ಅನ್ನುತ್ತಾಳೆ.

ಜೊತೆಗಿದ್ದವರು ಬಾವ, ಅಂದರೆ ಅವಳ ಗಂಡ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾರೆ, ಮನೆಯಲ್ಲಿ ಜಿರಲೆ ಕಂಡರೆ ಕುರ್ಚಿ ಹತ್ತುತ್ತಾರೆ. ಮೂರನೆಯವನು ಅಕ್ಕನ ತಮ್ಮ. ಆರಡಿ ಎತ್ತರದ ಆಳು, ಕರೆಯುವುದು ಪುಟ್ಟ. ಗಾಜು ಕತ್ತರಿಸಿ ಕಿಟಕಿಗೆ ಕೂರಿಸುವ ಅಂಗಡಿ ಇಟ್ಟಿದ್ದಾನೆ. ಕೆಲಸ ನಾಜೂಕು, ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರದು. ತಾಯಿ ಬೇಗ ತೀರಿಕೊಂಡಳು. ಅವನ ಜಡೆಗಟ್ಟಿದ ತಲೆ ಬಾಚಿದ್ದು, ಜ್ವರ ಬಂದಾಗ ಹಣೆ ಮುಟ್ಟಿ ನೋಡಿದ್ದು, ಕಾಲೇಜು ಬಿಟ್ಟಾಗ ಕಪಾಳಕ್ಕೆ ಬಾರಿಸಿದ್ದು ಎಲ್ಲ ಇವಳೇ. ಹಾಗಾಗಿ ಅವಳಿಗೆ ಅವನು ತಮ್ಮ ಅನ್ನುವುದು ಬರೀ ಸಂಬಂಧದ ಲೆಕ್ಕಕ್ಕೆ.

ಬೆಟ್ಟದ ಬುಡದ ಗೇಟಿನಲ್ಲಿ ಎಚ್ಚರಿಕೆಯ ಹಲಗೆ ಇತ್ತು. ಭಾರಿ ಮಳೆ ಬರಬಹುದು, ಗುಡ್ಡ ಜರಿಯಬಹುದು, ಬೆಳಕಿರುವಾಗಲೇ ಇಳಿದುಬಿಡಿ. ಮೂವರೂ ಓದಿದರು. ಓದು ಬರುವವರು ಎಲ್ಲವನ್ನೂ ಓದುತ್ತಾರೆ, ಅಷ್ಟೇ. ಮಧ್ಯಾಹ್ನ ಇಳಿಯಬೇಕಾದ ಹೊತ್ತಿನಲ್ಲಿ ಬಾವ ಒಂದು ಮೋಡದ ಚಿತ್ರ ತೆಗೆಯುತ್ತ ಕೂತರು. ಸಂಜೆ ಅದೇ ಮೋಡ ಅವರ ತಲೆಯ ಮೇಲೆ ಸುರಿಯಿತು.

ಬೆಟ್ಟ ಅವರಿಗೆ ಹೊಸದಲ್ಲ. ಬೆನ್ನಿಗೆ ಬ್ಯಾಗು ಏರಿಸಿ ದಿನಗಟ್ಟಲೆ ನಡೆದು ಅಭ್ಯಾಸವಿದ್ದವರು. ಅವರಲ್ಲಿ ಒಂದು ಪದ್ಧತಿ ಇತ್ತು, ಯಾವುದೋ ಚಾರಣ ಶಿಬಿರದಲ್ಲಿ ಕಲಿತದ್ದು. ಕತ್ತಲಲ್ಲಿ ಸಾಲಾಗಿ ನಡೆಯುವಾಗ ಹಿಂತಿರುಗಿ ನೋಡಬಾರದು. ನೋಡಿದರೆ ಹಣೆಗೆ ಕಟ್ಟಿದ ದೀಪ ಹಿಂದಿನವರ ಕಣ್ಣಿಗೆ ಹೊಡೆಯುತ್ತದೆ, ಅವರು ಕಾಲು ತಪ್ಪುತ್ತಾರೆ. ಅದರ ಬದಲು ತಿರುವು ಬಂದಾಗಲೆಲ್ಲ ಲೆಕ್ಕ ಕೂಗುವುದು. ಮುಂದಿನವರು ಒಂದು, ನಡುವಿನವರು ಎರಡು, ಕೊನೆಯವರು ಮೂರು. ಲೆಕ್ಕ ಸರಿ ಬಂದರೆ ನಡಿ, ಬರದಿದ್ದರೆ ನಿಲ್ಲು. ಅಕ್ಕನಿಗೆ ಈ ಪದ್ಧತಿ ಬಹಳ ಇಷ್ಟ. ಇದರಲ್ಲಿ ಯಾರನ್ನೂ ನಂಬಬೇಕಾಗಿಲ್ಲ ಅನ್ನುತ್ತಿದ್ದಳು.

"ಒಂದು!" ಎಂದಳು ಅಕ್ಕ, ಬಾವಿ ದಾಟಿದ ಮೇಲಿನ ತಿರುವಿನಲ್ಲಿ.

"ಎರಡು!" ಎಂದರು ಬಾವ.

"ಮೂರು! ಬಾವನ ಬ್ಯಾಗಿಂದ ಏನೋ ಉದುರ್ತಿದೆ, ಮರ್ಯಾದೆನಾ ಏನು?"

"ಬಾಯ್ ಮುಚ್ಕೊಂಡು ಬಾರೋ."

"ಮುಚ್ಚಿದ್ರೆ ಲೆಕ್ಕ ಹೆಂಗ್ ಹೇಳ್ಲಿ ಅಕ್ಕ?"

ಪುಟ್ಟನ ಮೂರಕ್ಕೆ ಯಾವಾಗಲೂ ಹೀಗೆ ಒಂದು ಬಾಲ ಇರುತ್ತಿತ್ತು.

ಮಳೆ ಜೋರಾಯಿತು. ಹನಿ ಹನಿ ಅಲ್ಲ, ಸೋ... ಎನ್ನುವ ಒಂದೇ ಸದ್ದು. ರೇನ್‌ಕೋಟಿನ ಟೋಪಿಯ ಮೇಲೆ ಪಟಪಟ. ಕಾಲಡಿ ದಾರಿಯೇ ಕಾಲುವೆಯಾಗಿ ಹರಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಒಂದು ಕೊರಕಲು ಎದುರಾಯಿತು. ಬೆಟ್ಟದ ಮೇಲಿಂದ ನೆಟ್ಟಗೆ ಸೀಳಿಕೊಂಡು ಬಂದ ಆಳವಾದ ಹಳ್ಳ. ಬೆಳಿಗ್ಗೆ ಹತ್ತುವಾಗ ಕಲ್ಲಿಂದ ಕಲ್ಲಿಗೆ ಹಾರಿ ದಾಟಿದ್ದರು. ಈಗ ಕೆಂಪು ನೀರು ಮೊಣಕಾಲಿಗಿಂತ ಮೇಲೆ. ನೀರಿನ ಸದ್ದಿನೊಳಗೆ ಇನ್ನೊಂದು ಸದ್ದು... ಟೊಕ್... ಟೊಕ್... ಟೊಕ್. ತಳದಲ್ಲಿ ಕಲ್ಲುಗಳು ಉರುಳುತ್ತ ಒಂದಕ್ಕೊಂದು ತಾಗುತ್ತಿದ್ದವು.

ಅಡ್ಡಕ್ಕೆ ಒಂದು ಸರಪಳಿ ಬಿಗಿದಿತ್ತು, ಎರಡು ದಡದಲ್ಲೂ ಕಬ್ಬಿಣದ ಗೂಟ. ಒಬ್ಬೊಬ್ಬರೇ ಹಿಡಿದು ದಾಟಬೇಕು. ಅಕ್ಕ ದಾಟಿದಳು. ಹಿಂದೆ ಬಾವ, "ಅಯ್ಯೋ... ಅಯ್ಯೋ..." ಎನ್ನುತ್ತ. ಅಕ್ಕ ಅಷ್ಟರಲ್ಲಿ ಮುಂದಿನ ಏರಿನಲ್ಲಿದ್ದಳು. ನಿಂತು ಕಾದಳು, ಹಿಂತಿರುಗಲಿಲ್ಲ. ಪದ್ಧತಿ.

"ಒಂದು!"

"ಎರಡು!"

ತುಸು ತಡ...

"ಮೂರು."

ಬಾಲ ಇರಲಿಲ್ಲ. ಸುಸ್ತಾಗಿದೆ ಪಾಪ, ಎಂದುಕೊಂಡಳು. ನಡೆದಳು.

ಅಲ್ಲಿಂದ ಮುಂದಿನ ಪ್ರತಿ ತಿರುವಿನಲ್ಲೂ ಕೂಗಿದಳು. ಪ್ರತಿ ತಿರುವಿನಲ್ಲೂ ಒಂದು, ಎರಡು, ಮೂರು. ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಮುಂದೆ ಎರಡನೆಯ ಕೊರಕಲು ಬಂತು. ಅದರ ಮೇಲೆ ಮರದ ಸೇತುವೆ ಇರಬೇಕಿತ್ತು. ಹಲಗೆಯೊಂದು ಈ ದಡಕ್ಕೆ ನೇತಾಡುತ್ತಿತ್ತು, ಉಳಿದದ್ದು ಇರಲಿಲ್ಲ. ಮುಂದೆ ದಾರಿ ಇಲ್ಲ. ಎರಡು ಕೊರಕಲುಗಳ ನಡುವಿನ ದಿಬ್ಬದ ಮೇಲೆ ಚಾರಣಿಗರಿಗೆಂದೇ ಕಟ್ಟಿದ ಕಲ್ಲಿನ ಮನೆ ಇತ್ತು. ಒಂದೇ ಕೋಣೆ, ತಗಡಿನ ಮಾಡು, ಮಲಗಲು ಹಲಗೆ. ಅಕ್ಕ ಅತ್ತ ತಿರುಗಿದಳು. ಬಾಗಿಲು ತಳ್ಳಿ ಒಳಗೆ ಹೋದಳು. ಬಾವ ಒಳಗೆ ಬಂದರು. ಅವಳು ಬಾಗಿಲು ಹಿಡಿದು ನಿಂತಳು.

ಯಾರೂ ಬರಲಿಲ್ಲ.

"ಪುಟ್ಟಾ?"

ಮಳೆ.

"ಹಿಂದೇನೇ ಇದ್ದ," ಎಂದರು ಬಾವ, ಕನ್ನಡಕ ಒರೆಸುತ್ತ. "ಈಗ ತಾನೆ ಮೂರು ಅಂದ್ನಲ್ಲ."

"ನೀವು ನೋಡಿದ್ರಾ?"

"ನಾನ್ಯಾಕೆ ನೋಡ್ಲಿ? ನೋಡಿದ್ರೆ ನೀನೇ ಬೈತೀಯ."

ಅಕ್ಕ ಹೊಸ್ತಿಲಲ್ಲೇ ನಿಂತು ಕೂಗಿದಳು. "ಒಂದು!"

ಬಾವ ಅವಳ ಮುಖ ನೋಡಿದರು. "ಎರಡು," ಎಂದರು, ಮೆಲ್ಲಗೆ.

ಕತ್ತಲೊಳಗಿಂದ, ಬಹಳ ದೂರವೇನಲ್ಲ...

"ಮೂರು."

ಪುಟ್ಟನ ದನಿಯೇ. ಸಂಶಯವಿಲ್ಲ. ಅದೇ ಒರಟು, ಅದೇ ಮೂಗಿನ ಎಳೆತ.

"ಒಳಗೆ ಬಾರೋ! ಆಟ ಆಡ್ಬೇಡ!"

ಯಾರೂ ಬರಲಿಲ್ಲ.

"ಪ್ರತಿಧ್ವನಿ ಇರ್ಬಹುದು ಕಣೇ," ಎಂದರು ಬಾವ.

"ಪ್ರತಿಧ್ವನಿ ಹೇಳಿದ್ದನ್ನ ಹೇಳುತ್ತೆ ರೀ. ಎಣಿಸಲ್ಲ."

ಅವಳು ಹಣೆಯ ದೀಪ ನೆಲಕ್ಕೆ ಹಿಡಿದು ಹೊರಗೆ ಹೋದಳು. ಬಾಗಿಲ ಮುಂದೆ ಮಾಡಿನ ಅಂಚಿನಡಿ ಸ್ವಲ್ಪ ಜಾಗದಲ್ಲಿ ಕೆಸರು ಹಾಗೇ ಇತ್ತು, ಮಳೆ ತೊಳೆದಿರಲಿಲ್ಲ. ಹೆಜ್ಜೆಗಳು ಒತ್ತಿದ್ದವು. ಅವಳ ಬೂಟು. ಬಾವನ ಬೂಟು. ಅಷ್ಟೇ.

ಅವಳು ಬಂದ ದಾರಿಯಲ್ಲೇ ಓಡತೊಡಗಿದಳು. ಬಾವ ಹಿಂದೆಯೇ. ಈ ಸಲ ಲೆಕ್ಕವೂ ಇಲ್ಲ, ಪದ್ಧತಿಯೂ ಇಲ್ಲ. ಎರಡು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ, ಒಬ್ಬರ ಕಣ್ಣಿಗೆ ಒಬ್ಬರು ದೀಪ ಹೊಡೆಯುತ್ತ, ಬೀಳುತ್ತ ಏಳುತ್ತ, ಮೊದಲ ಕೊರಕಲಿನ ಅಂಚಿಗೆ ಬಂದರು.

ಸರಪಳಿ ಇರಲಿಲ್ಲ. ಈ ದಡದ ಗೂಟದಿಂದ ಒಂದು ತುಂಡು ನೀರಿಗೆ ಇಳಿಬಿದ್ದು ಕಣಕಣ ಎನ್ನುತ್ತಿತ್ತು. ನೀರು ಸೊಂಟದ ಮಟ್ಟ ದಾಟಿತ್ತು. ಟೊಕ್ ಟೊಕ್ ಎನ್ನುತ್ತಿದ್ದ ಕಲ್ಲುಗಳು ಈಗ ಧಡ್... ಧಡ್... ಎನ್ನುತ್ತಿದ್ದವು. ದೀಪದ ಬೆಳಕು ಆಚೆ ದಡ ಮುಟ್ಟುವ ಮೊದಲೇ ಮಳೆ ಅದನ್ನು ನುಂಗುತ್ತಿತ್ತು.

"ಪುಟ್ಟಾ!" ಅವಳ ದನಿಗೆ ಹತ್ತು ಮಹಡಿಯ ಕಟ್ಟಡದ ಕೆಲಸಗಾರರು ಓಡಿ ಬರುತ್ತಾರೆ. ಇಲ್ಲಿ ಅದು ಅವಳ ಬಾಯಿಯ ಮುಂದೆಯೇ ಬಿದ್ದುಹೋಯಿತು. "ಪುಟ್ಟಾ!"

"ಮೂರು."

ಆಚೆ ದಡದಿಂದಲ್ಲ. ಕೆಳಗಿನಿಂದ. ಕೊರಕಲಿನೊಳಗಿಂದ.

"ಕೆಳಗೆ ಬಿದ್ದಿದಾನೆ ಕಣೇ!" ಬಾವ ಬ್ಯಾಗು ಬಿಸಾಕಿದರು. "ಎಲ್ಲೋ ಕಲ್ಲಿಗೆ ಸಿಕ್ಕೊಂಡಿದಾನೆ. ಬದುಕಿದಾನೆ!"

ಆಗ... ಹಳ್ಳ ನಿಂತಿತು.

ಮಳೆಯಲ್ಲ. ಮಳೆ ಸುರಿಯುತ್ತಲೇ ಇತ್ತು. ನೀರಿನ ಅಬ್ಬರ ಇಳಿಯಿತು, ಕಲ್ಲುಗಳ ಸದ್ದು ಇಳಿಯಿತು, ಇಷ್ಟಿಷ್ಟೇ ಆಗಿ ನಲ್ಲಿ ತಿರುಗಿಸಿದ ಹಾಗೆ ಸಣ್ಣಗಾಯಿತು. ಕೊನೆಗೆ ತಳದ ಬಂಡೆಗಳು ಒದ್ದೆಯಾಗಿ ಹೊಳೆಯುತ್ತ ಕಂಡವು. ನಡುವೆ ಒಂದು ಸಣ್ಣ ಧಾರೆ... ಜುಳು ಜುಳು. ಅಷ್ಟೇ.

"ನೋಡು, ನೀರು ಇಳೀತು! ಈಗಲೇ ಇಳಿಯೋಣ, ಬೇಗ!" ಬಾವ ಆಗಲೇ ಒಂದು ಕಾಲು ಅಂಚಿನಾಚೆ ಇಟ್ಟಿದ್ದರು. ಜಿರಲೆಗೆ ಹೆದರುವ ಮನುಷ್ಯ.

ಅಕ್ಕ ಅವರ ಬೆಲ್ಟು ಹಿಡಿದಳು. ಮಳೆ ಜೋರಾಗಿರುವಾಗಲೇ ಹಳ್ಳ ಬತ್ತಿತೆಂದರೆ ನೀರು ಎಲ್ಲಿಗೂ ಹೋಗಿಲ್ಲ. ಮೇಲೆ ಎಲ್ಲೋ ಗುಡ್ಡ ಜರಿದು ಅಡ್ಡಬಿದ್ದಿದೆ, ನೀರು ಅದರ ಹಿಂದೆ ತುಂಬುತ್ತಿದೆ. ಒಡೆದರೆ ಬರುವುದು ನೀರಲ್ಲ. ಮಣ್ಣು, ಮರ, ಮನೆಗಾತ್ರದ ಬಂಡೆ, ಎಲ್ಲ ಕಲಸಿದ ಗಾರೆಯ ಹಾಗೆ. ಗೇಟಿನ ಹಲಗೆಯ ಮೇಲೆ ಇದೂ ಬರೆದಿತ್ತು. ಸದ್ದು ನಿಂತರೆ ಮೇಲಕ್ಕೆ ಓಡಿ.

"ಬಿಡೇ ನನ್ನ! ನಿನ್ನ ತಮ್ಮ ಅಲ್ವೇನೇ ಅವನು!"

"ಒಂದ್ನಿಮಿಷ ಇರಿ." ಅವಳ ಹಲ್ಲು ಕಟಕಟ ಅನ್ನುತ್ತಿತ್ತು. "ನಾನು ಹತ್ತು ಅಂತೀನಿ. ನೀವು ಹನ್ನೊಂದು ಅನ್ನಿ."

"ಏನು ಹುಚ್ಚು..."

"ಅನ್ನಿ ರೀ!"

ಸದ್ದಡಗಿದ ಕೊರಕಲಿಗೆ ಬಾಗಿ ಅವಳು ಕೂಗಿದಳು. "ಹತ್ತು!"

"ಹನ್ನೊಂದು!" ಬಾವನ ದನಿ ಒಡೆದಿತ್ತು.

ಪುಟ್ಟನಾಗಿದ್ದರೆ ಸಾಯುವ ಹೊತ್ತಿನಲ್ಲೂ ಬಿಡುತ್ತಿರಲಿಲ್ಲ. ಅಕ್ಕಂಗೆ ತಲೆ ಕೆಟ್ಟಿದೆ ಎನ್ನುತ್ತಿದ್ದ, ಹನ್ನೆರಡು ಎನ್ನುತ್ತಿದ್ದ, ಏನಾದರೂ ಎನ್ನುತ್ತಿದ್ದ.

ತುಸು ತಡ... ಈಗ ತೀರ ಹತ್ತಿರ. ಅಂಚಿನ ಕೆಳಗೇ, ಬಾವನ ಕಾಲು ಇದ್ದ ಜಾಗಕ್ಕಿಂತ ಒಂದಾಳು ಕೆಳಗೆ.

"ಮೂರು."

ದೀಪ ಹಿಡಿದಳು. ಒದ್ದೆ ಬಂಡೆ. ಬರೀ ಒದ್ದೆ ಬಂಡೆ.

ಹಸಿಮಣ್ಣಿನ ವಾಸನೆ ಬಂತು, ಈಗ ತಾನೆ ಗುಂಡಿ ತೋಡಿದ ಹಾಗೆ. ಕಾಲಡಿಯ ನೆಲ ಸಣ್ಣಗೆ ಗುಂಯ್‌ಗುಟ್ಟಿತು. ಆಮೇಲೆ ಮೇಲಿಂದ, ದೂರದಿಂದ, ಲಾರಿಯೊಂದು ಜಲ್ಲಿಕಲ್ಲು ಸುರಿಯುವ ಸದ್ದು. ಅದು ಸುರಿದು ಮುಗಿಸಲೇ ಇಲ್ಲ. ಅಕ್ಕ ಬಾವನನ್ನು ಬೆಲ್ಟು ಹಿಡಿದು ಎಳೆದಳು. ಅವರು ಎದುರಾಡಿದರು. ಅವಳು ಬಿಡಲಿಲ್ಲ. ಬ್ಯಾಗು ಅಲ್ಲೇ ಬಿಟ್ಟು ಇಬ್ಬರೂ ದಿಬ್ಬ ಹತ್ತಿದರು. ಹಿಂದೆ ಮರಗಳು ಫಟ್... ಫಟ್... ಎಂದು ಮುರಿಯುವುದು ಕೇಳಿಸಿತು. ಬಂಡೆಗೆ ಬಂಡೆ ಹೊಡೆದು ಒಂದು ಕ್ಷಣ ಕಿಡಿಯೂ ಕಂಡಿತು. ಅಂಚಿನಲ್ಲಿ ಅವರು ನಿಂತಿದ್ದ ನೆಲ, ಕಬ್ಬಿಣದ ಗೂಟ, ಬಾವನ ಬ್ಯಾಗು, ಎಲ್ಲ ಹೋಯಿತು.

ಕಲ್ಲುಮನೆ ಸೇರುವಷ್ಟರಲ್ಲಿ ಎರಡನೆಯ ಕೊರಕಲಿನಲ್ಲೂ ಗುಡ್ಡ ಜರಿದು ಇಳಿಯಿತು. ಎಡಕ್ಕೂ ಗದ್ದಲ, ಬಲಕ್ಕೂ ಗದ್ದಲ. ನಡುವೆ ಒಂದು ಕೋಣೆ.

ಬಾಗಿಲು ಹಾಕಿ ಅಗುಳಿ ಜಡಿದು ಅದಕ್ಕೇ ಬೆನ್ನುಕೊಟ್ಟು ಕೂತರು. ತಗಡಿನ ಮೇಲೆ ಮಳೆ ಹೊಡೆಯುತ್ತಿತ್ತು. ಮೂಲೆಯಲ್ಲಿ ಸೋರುವ ನೀರು ಟಪ್... ಟಪ್... ಗೋಡೆ ಆಗಾಗ ನಡುಗಿ ಸುಣ್ಣದ ಪುಡಿ ಉದುರುತ್ತಿತ್ತು. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಬ್ಯಾಟರಿ ಉಳಿಸಲು ಒಂದು ದೀಪ ಆರಿಸಿದರು. ಆಮೇಲೆ ಎರಡನೆಯದನ್ನೂ.

"ಅದು ಪುಟ್ಟನೇ ಆಗಿದ್ರೆ?" ಎಂದರು ಬಾವ, ಕತ್ತಲಲ್ಲಿ.

ಅಕ್ಕನೂ ಅದನ್ನೇ ಯೋಚಿಸುತ್ತಿದ್ದಳು. ತಲೆಗೆ ಪೆಟ್ಟು ಬಿದ್ದವನು ಒಂದೇ ಮಾತು ಹೇಳುತ್ತಿರುತ್ತಾನೆ, ಎಷ್ಟು ಕೇಳಿದರೂ ಅದೇ. ಇದು ಅವಳಿಗೆ ಗೊತ್ತಿದ್ದ ಸಂಗತಿ. ಗೊತ್ತಿದ್ದೂ ನಾನು ಪರೀಕ್ಷೆ ಮಾಡುತ್ತ ನಿಂತೆ. ಉತ್ತರ ಸರಿ ಬರಲಿಲ್ಲವೆಂದು ಗಂಡನನ್ನು ಎಳೆದುಕೊಂಡು ಬಂದೆ. ತಮ್ಮ ಅಲ್ಲಿ ಕೆಳಗೆ... ಅದರ ಮುಂದೆ ಅವಳ ಯೋಚನೆ ಹೋಗುತ್ತಿರಲಿಲ್ಲ. ಮತ್ತೆ ಮೊದಲಿಂದ ಶುರುವಾಗುತ್ತಿತ್ತು.

ಆಗ ಬಾಗಿಲಿನ ಆಚೆ, ಅವರ ಬೆನ್ನಿನ ಮಟ್ಟದಲ್ಲಿ, ಹಲಗೆಗೆ ತುಟಿ ಹಚ್ಚಿದ ಹಾಗೆ...

"ಮೂರು."

ಯಾರೂ ಒಂದು ಎಂದಿರಲಿಲ್ಲ.

ಬಾವ ಬಾಯಿ ತೆರೆದರು. ಅಕ್ಕ ಅವರ ಬಾಯಿಗೆ ಕೈ ಒತ್ತಿದಳು. ಅವರ ಉಸಿರು ಅವಳ ಅಂಗೈಗೆ ಬಿಸಿಯಾಗಿ ತಾಗುತ್ತಿತ್ತು.

"ತೆಗೀಲಾ?" ಎಂದರು ಅವರು, ಬೆರಳುಗಳ ಸಂದಿಯಿಂದ.

"ಬೇಡ."

"ಚಳಿ ಅಂತಿದ್ರೆ?"

"ಅಂತಿಲ್ಲ ರೀ. ಅದೇ ಹೇಳ್ತಿರೋದು. ಅದು ಚಳಿ ಅಂತಿಲ್ಲ."

ಮಾತು ಅಲ್ಲಿಗೆ ನಿಂತಿತು. ದನಿ ನಿಲ್ಲಲಿಲ್ಲ. ಆಗೊಮ್ಮೆ ಈಗೊಮ್ಮೆ, ಅವಸರವಿಲ್ಲದೆ, ಬೇಸರವಿಲ್ಲದೆ. ಒಂದು ಸಲ ಬಾಗಿಲಲ್ಲಿ, ಒಂದು ಸಲ ಹಿಂದಿನ ಗೋಡೆಯಲ್ಲಿ. ಬಾವ ಆವರ್ತ ಕೋಷ್ಟಕದ ಮೂಲವಸ್ತುಗಳನ್ನು ಹೈಡ್ರೋಜನ್ನಿಂದ ಶುರುಮಾಡಿ ಪಿಸುಗುಡುತ್ತಿದ್ದರು. ಲಿಥಿಯಂ ಬಂದಾಗಲೆಲ್ಲ ತಡವರಿಸಿ ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದರು. ಅದರ ಸಂಖ್ಯೆ ಮೂರು. ಬೇರೆ ದಿನವಾಗಿದ್ದರೆ ಅಕ್ಕ ನಗುತ್ತಿದ್ದಳು.

ಎದ್ದು ಹೋಗಲು ದಾರಿ ಇರಲಿಲ್ಲ. ಇದ್ದಿದ್ದರೂ ದನಿಯ ಕಡೆ ಹೋಗಬೇಕೋ ದನಿಯಿಂದ ದೂರ ಹೋಗಬೇಕೋ ಅವಳಿಗೆ ತಿಳಿಯುತ್ತಿರಲಿಲ್ಲ. ಅಗುಳಿಯ ಮೇಲೆ ಎಷ್ಟೋ ಸಲ ಕೈ ಇಟ್ಟಳು. ಎಷ್ಟೋ ಸಲ ತೆಗೆದಳು.

ಬೆಳಕು ಹರಿಯುವ ಹೊತ್ತಿಗೆ ಮಳೆ ತೆಳುವಾಯಿತು. ಬಾಗಿಲು ತೆಗೆದರೆ ಹೊರಗೆ ಏನೂ ಇರಲಿಲ್ಲ. ಎರಡು ಕೊರಕಲುಗಳೂ ಬೂದುಬಣ್ಣದ ಕೆಸರು ತುಂಬಿ ರಸ್ತೆಯಷ್ಟು ಅಗಲವಾಗಿದ್ದವು. ಬೇರು ಮೇಲಾದ ಮರಗಳು ಅದರಲ್ಲಿ ನಾಟಿದ್ದವು. ಅಕ್ಕ ಮೊದಲ ಕೊರಕಲಿನ ಹತ್ತಿರ ಹೋಗಿ ನಿಂತಳು. ಕೂಗಲಿಲ್ಲ. ಕೂಗಲು ಅವಳಿಗೆ ಧೈರ್ಯ ಬರಲಿಲ್ಲ.

ಆಚೆಯಿಂದ ಸೀಟಿ ಕೇಳಿಸಿತು. ರಕ್ಷಣಾ ತಂಡ. ಕಿತ್ತಳೆ ಬಣ್ಣದ ಅಂಗಿ ತೊಟ್ಟ ನಾಲ್ಕೈದು ಜನ, ಹಗ್ಗ, ಹಲಗೆ. ಸೇತುವೆ ಹೋದ ಸುದ್ದಿ ಕೇಳಿ ಮೇಲಿನ ಬಳಸುದಾರಿಯಿಂದ ಬಂದಿದ್ದರು. ಅವರ ನಡುವೆ ಸ್ಟ್ರೆಚರಿನ ಮೇಲೆ ಉದ್ದದ ಒಂದು ಆಕೃತಿ, ಬೆಳ್ಳಿಯ ಹಾಳೆಯಂಥದ್ದರಲ್ಲಿ ಸುತ್ತಿದ್ದು.

ಆಕೃತಿ ಒಂದು ಕೈ ಎತ್ತಿ ಆಡಿಸಿತು.

ಕೆಸರಿನ ಮೇಲೆ ಹಲಗೆ ಹಾಸಿ, ಹಗ್ಗ ಕಟ್ಟಿ, ಇವರಿಬ್ಬರನ್ನೂ ಆಚೆಗೆ ದಾಟಿಸಿದರು. ಸಾಲಾಗಿ, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಬಾಯಿಬಿಟ್ಟು ಯಾರೂ ಎಣಿಸಲಿಲ್ಲ. ತಂಡದ ಮುಖ್ಯಸ್ಥನನ್ನು ಅಕ್ಕ ಕೇಳಿದಳು, "ನೀವು ಲೆಕ್ಕ ಕೂಗಲ್ವಾ?"

"ಇಲ್ಲ ಮೇಡಂ. ಮುಟ್ಟಿ ನೋಡ್ತೀವಿ."

"ಯಾಕೆ?"

"ಮಳೇಲಿ ಕೇಳಿಸಲ್ಲ," ಎಂದ ಅವನು, ಬೇರೆ ಕಡೆ ನೋಡುತ್ತ.

ಕೆಳಗೆ ಗೇಟಿನ ಬಳಿ ಡೇರೆ ಹಾಕಿದ್ದರು. ಪುಟ್ಟನನ್ನು ಅಲ್ಲಿ ಮಲಗಿಸಿದರು. ಕಾಲಿನ ಕೀಲು ಉಬ್ಬಿ ಸೋರೆಕಾಯಿಯಾಗಿತ್ತು. ಸರಪಳಿ ಹಿಡಿದು ಒಂದು ಹೆಜ್ಜೆ ಇಟ್ಟಾಗಲೇ ಅದು ಕಿತ್ತುಬಂತಂತೆ, ಹಿಂದಕ್ಕೆ ಬಿದ್ದನಂತೆ. ಅವನು ಕೊರಕಲು ದಾಟಿಯೇ ಇರಲಿಲ್ಲ. ತೆವಳಿ ಮೇಲಿನ ಬಂಡೆಯ ಸಂದಿ ಸೇರಿದ್ದನಂತೆ. ಕೂಗಿ ಕೂಗಿ ಅವನ ದನಿ ಹೋಗಿತ್ತು. ಪಿಸುಮಾತಷ್ಟೇ ಉಳಿದಿತ್ತು.

"ನಿಲ್ಲಿ ಅಂತ ಕೂಗ್ದೆ ಅಕ್ಕ. ಅಷ್ಟರಲ್ಲಿ ನಿಮ್ ಕಡೆಯಿಂದ ಯಾರೋ ಮೂರು ಅಂದ್ರು. ನನ್ ಥರಾನೇ. ಬಾವ ಅಣಕಿಸ್ತಿದಾರೆ ಅಂದ್ಕೊಂಡೆ."

ಬಾವ ನೆಲ ನೋಡಿದರು.

"ಸಿಟ್ಟು ಬಂತು ನಂಗೆ. ಆದ್ರೆ ನೀನು ಬಂದ್ಯಲ್ಲ, ಆಮೇಲೆ ಸರಿಹೋಯ್ತು."

"ನಾನು?"

"ಹಳ್ಳ ನಿಂತ್ಮೇಲೆ. ಇಳಿದು ಬಂದ್ಯಲ್ಲ." ಅವನು ಕಣ್ಣು ಮುಚ್ಚಿದ್ದ. "ಯಾಕೆ ಅಕ್ಕ ದೀಪ ಇರ್ಲಿಲ್ಲ ನಿನ್ ಹತ್ರ? ಏನ್ ಕೇಳಿದ್ರೂ ಒಂದು... ಒಂದು... ಅಂತಿದ್ದೆ. ಬಾವ ಎಲ್ಲಿ ಅಂದ್ರೂ ಒಂದು. ಚಳಿನಾ ಅಂದ್ರೂ ಒಂದು. ಪಾಪ, ಹೆದರಿದಾಳೆ ಅಂತ ನಾನೂ ಸುಮ್ನಾದೆ. ನಿದ್ದೆ ಹತ್ತಿಬಿಡ್ತು. ಎದ್ದಾಗ ನೀನಿರ್ಲಿಲ್ಲ."

ಅಕ್ಕನ ಕೈಯಲ್ಲಿ ಬಿಸಿನೀರಿನ ಲೋಟ ಇತ್ತು. ಅದನ್ನು ಕೆಳಗಿಟ್ಟಳು.

ಬಾವ ಏನೋ ಹೇಳಲು ಹೊರಟರು. ಅವಳು ಅವರ ಕಡೆ ಒಮ್ಮೆ ನೋಡಿದಳು. ಅವರು ಇವತ್ತಿಗೂ ಪುಟ್ಟನಿಗೆ ಹೇಳಿಲ್ಲ. ಅವಳೂ ಹೇಳಿಲ್ಲ. ಆ ರಾತ್ರಿ ಅಕ್ಕ ತನ್ನನ್ನು ಬಿಟ್ಟು ಹೋಗಲಿಲ್ಲ ಎಂದು ಅವನು ಇವತ್ತಿಗೂ ಊರೆಲ್ಲ ಹೇಳಿಕೊಂಡು ಓಡಾಡುತ್ತಾನೆ. ಆ ಮಾತು ಬಂದಾಗಲೆಲ್ಲ ಅವಳು ಎದ್ದು ಅಡುಗೆಮನೆಗೆ ಹೋಗುತ್ತಾಳೆ.

ಇಷ್ಟಕ್ಕೆಲ್ಲ ಕಾರಣ ಹುಡುಕಬಹುದು. ಚಳಿ ಹಿಡಿದ ಮೆದುಳು ಏನು ಬೇಕಾದರೂ ಕಾಣುತ್ತದೆ, ಕೇಳುತ್ತದೆ. ಮಳೆ, ಭಯ, ಬಳಲಿಕೆ, ಎಲ್ಲವನ್ನೂ ಕೂಡಿಸಿದರೆ ಮೂವರ ಮಾತನ್ನೂ ವಿವರಿಸಿಬಿಡಬಹುದು. ಆದರೆ ಆ ಡೇರೆಯಲ್ಲಿ ಒಬ್ಬಳು ನರ್ಸ್ ಇದ್ದಳು. ಅವಳು ರಾತ್ರಿ ಬೆಟ್ಟದಲ್ಲಿ ಇರಲಿಲ್ಲ, ಬೆಳಿಗ್ಗೆ ತಿಂಡಿ ತಿಂದು ಕೆಲಸಕ್ಕೆ ಬಂದವಳು. ಪುಟ್ಟನ ಮೈ ಮುಟ್ಟಿ ನೋಡಿದಳು. ಹಣೆ, ಪಾದ, ಎಡಗೈ, ಎಲ್ಲ ಮಂಜುಗಡ್ಡೆ. ಬಲಗೈ ಹಿಡಿದವಳು ಹುಬ್ಬು ಗಂಟಿಕ್ಕಿದಳು. ಬಿಟ್ಟು ಎಡಗೈ ಹಿಡಿದಳು. ಮತ್ತೆ ಬಲಗೈ.

"ಈ ಕೈನ ಎಲ್ಲಾದ್ರೂ ಬೆಚ್ಚಗೆ ಇಟ್ಕೊಂಡಿದ್ರಾ?"

"ಅಕ್ಕ ಹಿಡ್ಕೊಂಡಿದ್ಲು," ಎಂದ ಪುಟ್ಟ.

ಅಕ್ಕನೂ ಮುಟ್ಟಿ ನೋಡಿದಳು. ಅವಳು ಕೈಯಿಂದ ಮುಟ್ಟಿ ನೋಡುವುದರಲ್ಲಿ ತಪ್ಪು ಮಾಡುವವಳಲ್ಲ, ಅವಳ ಹೊಟ್ಟೆಪಾಡೇ ಅದು. ಸುಳ್ಳು ಹೇಳುವವಳಂತೂ ಅಲ್ಲ. ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟದ್ದು, ನಡೆದದ್ದು ನಡೆದದ್ದೇ. ಬಲಗೈ ಬೆಚ್ಚಗಿತ್ತು. ಮಣಿಕಟ್ಟಿನವರೆಗೆ ಮಾತ್ರ.